ಹಿರೇವಳ ಹೆಸರು

ನಾ ಎರಡನೇ ಸಂಬಂಧದಾಕಿ. ಮೊದಲೇ ಹೇಳಿಬಿಡ್ತೀನಿ, ಆಮ್ಯಾಲ ಯಾರೂ ಬೆನ್ನ ಹಿಂದ ಗುಸುಗುಸು ಅನ್ನೋದು ಬ್ಯಾಡ. ಇಪ್ಪತ್ತಾರು ತುಂಬಿದ್ರೂ ನನ್ನ ಯಾರೂ ಒಪ್ಪಿರಲಿಲ್ಲ, ಒಂದು ಕಾಲು ಎಳದು ನಡೀತಿದ್ದೆ. ಎಪ್ಪತ್ತರ ದಶಕ ಮುಗ್ಯಾಕ ಬಂದಿತ್ತು. ದೇವದುರ್ಗದಾಗ ಒಬ್ಬ ಕಿರಾಣಿ ಅಂಗಡಿಯವನ ಹೆಂಡತಿ ಜ್ವರ ಬಂದು ಸತ್ತಾಳ, ಮಕ್ಕಳಿಲ್ಲ ಅಂತ ಸುದ್ದಿ ಬಂತು. ಮಾನ್ವ್ಯಾಗ ನಮ್ಮವ್ವ ದೇವರ ಮುಂದ ಕೈ ಮುಗುದು, "ನಮ್ಮ ಹುಡುಗಿ ಪುಣ್ಯಾ ಮಾಡ್ಯಾಳ" ಅಂದ್ಲು. ಒಬ್ಬಾಕಿ ಸಾವು ಇನ್ನೊಬ್ಬಾಕಿ ಪುಣ್ಯಾ ಹೆಂಗ ಆಗ್ತದಬೇ ಅಂತ ಕೇಳೋ ಬುದ್ಧಿ ಆಗ ನನಗಿರಲಿಲ್ಲ.

ನಮ್ಮ ಕಡೆ, ಸತ್ತ ಮೊದಲನೇ ಹೆಂಡತಿಗೆ ಹಿರೇವಳು ಅಂತಾರ. ಆಕಿ ಜಾಗಕ್ಕ ಹೋದಾಕಿ ತಾಳಿ ಜೋಡಿ ಆಕಿ ಹೆಸರಿನ್ಯಾಗ ಒಂದು ಸಣ್ಣ ಬಂಗಾರದ ಪದಕ ಹಾಕ್ಕೋಬೇಕು. ಹೊಸ ಸೀರಿ ಬಂದ್ರ ಮೊದಲ ಆ ಪದಕಕ್ಕ ತೋರಿಸಿ, "ಉಟಗೋ ಯಕ್ಕಾ" ಅಂದು, ಆಮ್ಯಾಲ ನಾ ಉಡಬೇಕು. ಇನ್ನೊಂದು ಪದ್ಧತಿ ಅದ. ಹಿರೇವಳನ್ನ ಹೆತ್ತಾಕಿಗೆ ನಾನೂ ಮಗಳ ಲೆಕ್ಕ. ಆಕಿ ಕರದು ಉಡಿ ತುಂಬಬೇಕು, ಹಬ್ಬಕ್ಕ ಸೀರಿ ಕೊಡಬೇಕು. ಆದ್ರ ಚಂದ್ರಬಂಡದಾಗಿದ್ದ ಆ ಮುದುಕಿ ಲಗ್ನಕ್ಕ ಬರಲಿಲ್ಲ, ನನ್ನ ಕರೀಲೂ ಇಲ್ಲ. ಯಾಕಂತ ಅತ್ತಿನ್ನ ಕೇಳಿದ್ರ, "ಮಗಳು ಸತ್ತ ಮ್ಯಾಲೆ ಆಕಿ ತಲಿ ಕೆಟ್ಟದ, ಬಿಡು" ಅಂದ್ಲು.

ಆ ಮನ್ಯಾಗ ಹಿರೇವಳ ಹೆಸರು ಯಾರೂ ದನಿ ಎತ್ತಿ ಹೇಳ್ತಿರಲಿಲ್ಲ. ದೀಪ ತಾನ ಆರಿದ್ರ, ಹಾಲು ಒಡದ್ರ, ಅತ್ತಿ ಮೆಲ್ಲಕ ಆ ಹೆಸರು ಹಿಡದು, "ತಪ್ಪಾತವ್ವಾ, ಸುಮ್ಮಕಿರು" ಅಂತ ಗಲ್ಲಾ ಬಡಕೊಳ್ತಿದ್ಲು. ಹೊತ್ತು ಮುಣುಗಿದ ಮ್ಯಾಲೆ ಹಿತ್ತಲಕ್ಕ ಕಾಲಿಡ್ತಿರಲಿಲ್ಲ. ಹಿತ್ತಲ ಬಾವಿಗೆ ಕಲ್ಲು ಚಪ್ಪಡಿ ಮುಚ್ಚಿದ್ರು. ನೀರು ಕೆಟ್ಟದ ಅಂದಿದ್ರು, ನಾ ನಂಬಿದ್ದೆ.

ನನಗ ಮಾನ್ವ್ಯಾಗ ತವರುಮನ್ಯಾಗ ಹೆಣ್ಣು ಹುಟ್ಟಿತು. ಕೂಸು ಮೊದಮೊದಲಿಗೆ ಮೊಲಿ ಹಿಡೀಲಿಲ್ಲ, ಚೀರಿ ಚೀರಿ ಕೆಂಪಗಾತು. ನೋಡಾಕ ಬಂದ ಅತ್ತಿ ನಿಂತ ಕಾಲ ಮ್ಯಾಲೆ ಹೇಳಿಬಿಟ್ಲು: "ಹಿರೇವಳು ಬಂದು ಕೂಸಿಗೆ ಅಡ್ಡ ನಿಂತಾಳ. ಆಕಿ ಹೆಸರ ಇಡಬೇಕು. ಇಲ್ಲಂದ್ರ ಕೂಸು ದಕ್ಕಂಗಿಲ್ಲ."

ಹೆತ್ತಾಕಿ ನಾನು, ಹೆಸರು ಮಾತ್ರ ಸತ್ತಾಕಿದು! ಆ ಹೆಸರಿಗೆ ಹೆದರೋ ಮನ್ಯಾಗ ನನ್ನ ಮಗಳು ಆ ಹೆಸರು ಹೊತಗೊಂಡು ಹೆಂಗ ಬಾಳಬೇಕು? ಆಕಿನ್ನ ಕರಿಯೋ ಮುಂದ ಪ್ರತಿ ಸಲ ಅವರ ಮಾರಿ ಬಿಳುಪೇರಬೇಕೇನು? "ನಾ ಒಲ್ಲೆ" ಅಂದೆ. ಬಾಣಂತಿ ಬಾಯಿ ಮಾಡಬಾರದು ಅಂತ ನಮ್ಮವ್ವ ನನಗ ಬೈದ್ಲು.

ಆಗ ಗಂಡ ನಡುವ ಬಂದ. ಆಗ ಅವ್ನಿಗೆ ರೀ ಅಂತಿದ್ದೆ, ಈಗ ಬಾಯಿ ಬರಂಗಿಲ್ಲ. "ಕರಿಯಾಕ ನಿನಗ ಬೇಕಾದ ಹೆಸರು ಇಡು. ನಡುವ ಮಾತ್ರ ಆಕಿದಿರ್ಲಿ" ಅಂದ. ನಮ್ಮ ಕಡೆ ನಡುವ ಕೂಡೋದು ಅಪ್ಪನ ಹೆಸರು. ಹೆಣ್ಣುಮಗಳಿಗಂತೂ ಲಗ್ನ ಆಗೋತನಾ ಅದ ಆಸರಾ. ತನ್ನ ಹೆಸರಿನ ಜಾಗಾ ತಾನ ಬಿಟಗೊಡೋ ಗಂಡಸನ್ನ ನಾ ಅಲ್ಲೀತನಾ ನೋಡಿರಲಿಲ್ಲ. ಇವ್ರು ಯಾಕ ಇಷ್ಟು ಅಂಜತಾರ ಅಂತ ಆವತ್ತ ಮೊದಲನೇ ಸಲ ನನಗ ಸಂಶೆ ಬಂತು.

ಜಿದ್ದಿಗೆ ಬಿದ್ದೆ. "ಹಂಗಾದ್ರ ಆಕಿ ಹಡದವ್ವನ ಬರ್ಲಿ. ಕೂಸಿನ ಕಿವ್ಯಾಗ ಆಕಿನ ಹೇಳ್ಲಿ" ಅಂದೆ. ಮುದುಕಿ ಬರಂಗಿಲ್ಲ, ಹೆಸರಿನ ಮಾತು ಅಲ್ಲಿಗೇ ಬೀಳ್ತದ ಅಂತ ನನ್ನ ಲೆಕ್ಕ. ಅತ್ತಿ ಮಾರಿ ಸಣ್ಣದಾತು. ಕಿವ್ಯಾಗ ಹೆಸರು ಊದೋದು ಸ್ವಾದರತ್ತಿ ಕೆಲಸ, ಮುದುಕಿ ಯಾಕ ಅಂತ ಭಾಳ ತಕರಾರು ಮಾಡಿದ್ಲು. ಆದ್ರ ಕೂಸು ನೋಡಾಕ ನೆರೆದ ಹೆಣ್ಮಕ್ಕಳೆಲ್ಲಾ, "ಖರೇ ಅದಲ್ಲರೀ, ಹೆಸರು ಕೊಡಾಕಿ ಆಕಿನ" ಅಂದ್ರು. ನಮ್ಮವ್ವ ರಾಯಚೂರಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ ಹಿಡದು ಚಂದ್ರಬಂಡಕ್ಕ ಹೋಗಿ ಬಂದ್ಲು. "ದೇವದುರ್ಗದ ಹೊಸ್ತಲಾ ತುಳ್ಯಂಗಿಲ್ಲಂತ. ಮಾನ್ವಿಗೆ ಬರ್ತಾಳಂತ" ಅಂದ್ಲು.

ಕೂಸಿನ್ನ ತೊಟ್ಲಿಗೆ ಹಾಕೋ ದಿನ ಮುದುಕಿ ಬಂದ್ಲು. ತಲಿ ಕೆಟ್ಟಾಕಿ ಅಂದಿದ್ರು, ನೋಡಿದ್ರ ನೆಟ್ಟಗ ಬಾಚಿ ತುರುಬು ಕಟ್ಟಿದ್ಲು, ಕೂಸಿನ ತಲಿಗೆ ಕುಂಚಗಿ ಹೊಲದು ತಂದಿದ್ಲು. ಅತ್ತಿನ್ನ ನೋಡಲಿಲ್ಲ, ಹೊರಗ ಕಟ್ಟಿ ಮ್ಯಾಲೆ ಕುಂತಿದ್ದ ಅಳಿಯನ್ನ ನೋಡಲಿಲ್ಲ. ಸೀದಾ ಬಂದು ನನ್ನ ಮುಂದ ಕುಂತು ಕೊಳ್ಳಾಗಿನ ಪದಕ ಹಿಡದು ನೋಡಿದ್ಲು.

"ಆಕಿ ಹೆಂಗ ಸತ್ಲು ಅಂತ ಹೇಳ್ಯಾರ ನಿನಗ?"

"ಜ್ವರ ಬಂದಿತ್ತಂತಲ್ಲಬೇ" ಅಂದೆ.

"ಜ್ವರ!" ಅಂದ್ಲು. "ಮಕ್ಕಳಾಗಲಿಲ್ಲಂತ ಹೊಡದ್ರವ್ವಾ. ಬೆನ್ನ ತುಂಬ ಬಾಸುಂಡಿ ಇಟಗೊಂಡು ನನ್ನ ಕಡೆ ಓಡಿ ಬಂದ್ಲು. ಕೊಟ್ಟ ಹೆಣ್ಣು ಕುಲಕ್ಕ ಹೊರಗ ಅಂದೆ. ಅರಿಷಿಣ ಹಚ್ಚಿ, ಬುತ್ತಿ ಕಟ್ಟಿ, ನಾನ ಬಸ್ ಹತ್ತಿಸಿದೆ. ವಾರದಾಗ ಇವರ ಹಿತ್ತಲ ಬಾವ್ಯಾಗ ತೇಲಿದ್ಲು. ತಾನ ಬಿದ್ಲೋ, ಇವ್ರು ಹಾಕಿದ್ರೋ, ಆ ದೇವರಿಗೇ ಗೊತ್ತು."

ಹೊರಗ ಕಟ್ಟಿ ಮ್ಯಾಲಿಂದ ಒಂದು ಮಾತಾದ್ರೂ ಬರ್ತದೇನೋ ಅಂತ ನಾ ಕಾದೆ. ಸುಳ್ಳು ಅನ್ಲಿ, ಮುದುಕಿ ಮ್ಯಾಲೆ ಏರಿ ಬರ್ಲಿ, ಏನರ ಮಾಡ್ಲಿ. ಅಂವ ಕೆಮ್ಮಲೂ ಇಲ್ಲ.

ಅತ್ತಿ ಮಾತ್ರ ಅಳಾಕತ್ತಿದ್ಲು. "ಆಗಿದ್ದು ಆತು, ಬೀಗರೇ. ಆಕಿ ಕಾಡಾಕತ್ತಾಳ್ರೀ. ಕೂಸಿಗೆ ಆಕಿ ಹೆಸರಿಟ್ರ ತಣ್ಣಗಾಗ್ತಾಳ. ನಿಮ್ಮ ಬಾಯಿಂದ ಒಮ್ಮಿ ಅನ್ನರಿ."

"ನಿಮ್ಮನಿಗೆ ಆಕಿ ಯಾಕ ಬರ್ತಾಳ?" ಅಂದ್ಲು ಮುದುಕಿ. "ನಾ ದಿನಾ ಕರೀತೀನಿ. ಬಾರವ್ವಾ, ದೆವ್ವ ಆಗಿಯಾದ್ರೂ ಬಾ ಅಂತೀನಿ. ನನ್ನ ಮನಿಗೇ ಬಂದಿಲ್ಲ."

ನಾ ಕೂಸಿನ್ನ ಎದಿಗೆ ಅವಚಿಗೊಂಡು ಬಿಕ್ಕಿ ಬಿಕ್ಕಿ ಅತ್ತೆ. ಆ ಸತ್ತಾಕಿ ಮ್ಯಾಲೆ ಎಷ್ಟು ದಿನ ಸವತಿ ಮತ್ಸರ ಮಾಡಿದ್ದೆ! ಮುದುಕಿ ನನ್ನ ಕೊಳ್ಳಾಗಿನ ದಾರದಿಂದ ಪದಕ ಬಿಚಿಗೊಂಡು ತನ್ನ ಸೆರಗಿಗೆ ಗಂಟು ಹಾಕ್ಕೊಂಡ್ಲು. "ನನ್ನ ಮಗಳು ನನ್ನ ಕಡೆ ಇರ್ಲಿ" ಅಂದ್ಲು. ಅತ್ತಿ ಹೌಹಾರಿ ಮುಂದ ಬಂದ್ಲು, ಯಾರೋ ಆಕಿ ಕೈ ಹಿಡದ್ರು. ಮುದುಕಿ ಕೂಸಿನ್ನ ನನ್ನ ಕಡಿಂದ ಇಸಗೊಂಡು ತೊಟ್ಲಿಗೆ ಹಾಕಿ, ಬಗ್ಗಿ, ನಾ ಆರಿಸಿ ಹೇಳಿದ ಹೆಸರೊಂದನ್ನೇ ಅದರ ಕಿವ್ಯಾಗ ಊದಿದ್ಲು. "ನಡುವ ಯಾರ್ದೂ ಬ್ಯಾಡ. ಸತ್ತಾಕಿದೂ ಬ್ಯಾಡ, ಇವಂದೂ ಬ್ಯಾಡ" ಅಂದ್ಲು. ಹೆಸರು ಊದಿದಾಕಿ ಬೆನ್ನಿಗೆ ಎಲ್ಲಾರೂ ನಕ್ಕೋತ ಗುದ್ದಬೇಕು, ಅದು ಪದ್ಧತಿ. ಆವತ್ತು ಯಾರೂ ಕೈ ಎತ್ತಲಿಲ್ಲ.

ಇಷ್ಟೆಲ್ಲಾ ಕಿವಿಯಾರೆ ಕೇಳಿದ ನಮ್ಮವ್ವ, ಬಾಣಂತನ ಮುಗದ ಮ್ಯಾಲೆ ಏನು ಮಾಡಿರಬೇಕು ಹೇಳ್ರಿ? ಟ್ರಂಕು ತುಂಬಿ ನನ್ನ ದೇವದುರ್ಗಕ್ಕ ಕಳಿಸಿದ್ಲು. "ನಿನಗ ಕೂಸು ಆಗ್ಯದಲ್ಲ, ನಿನಗ್ಯಾಕ ಹೊಡೀತಾರ" ಅಂದ್ಲು. ಹೊಡಿಯಾಕ ಕಾರಣ ಬೇಕೇನು? ಮೊದಲ ಹೆಣ್ಣು ಹಡದೆ ಅಂತ, ಆಮ್ಯಾಲ ಮತ್ತ ಬಸಿರಾಗಲಿಲ್ಲ ಅಂತ, ಕಡಿಗೆ ಪದಕ ಕಳದೆ ಅಂತ. ಒಮ್ಮಿ ಮಾನ್ವಿಗೆ ಓಡಿ ಬಂದೆ, ನಮ್ಮವ್ವ ಅಳಕೋತ ಬುತ್ತಿ ಕಟ್ಟಿ ತಿರುಗಿ ಕಳಿಸಿದ್ಲು. ಬಾವಿ ಚಪ್ಪಡಿ ಸರಿಸಬೇಕು, ನೀರು ಚೊಲೋ ಆಗಿರಬೇಕು ಅಂತ ಒಂದಿನ ಗಂಡ ಮಾತಾಡಿದ. ಆವತ್ತ ಮಗಳನ್ನ ಬಗಲಾಗ ಎತಗೊಂಡು, ಮಾನ್ವಿ ಬಸ್ ಬಿಟ್ಟು ರಾಯಚೂರು ಬಸ್ ಹತ್ತಿದೆ.

ಚಂದ್ರಬಂಡದಾಗ ಮುದುಕಿ ಬಾಗಲಾ ತಗದು ಒಳಗ ಕರಕೊಂಡ್ಲು. ಮಗಳಿಗೆ ಉಣಸಿದ್ಲು, ನನ್ನ ಬೆನ್ನಿಗೆ ಅರಿಷಿಣ ಹಚ್ಚಿದ್ಲು. ಮರುದಿನ ಗಂಡ ಬಂದ. ಅಂಗಳದಾಗ ನಿಂತು, ಊರ ಮಂದಿ ಕೇಳೋ ಹಂಗ, "ಹೆಂಡತಿ ನನ್ನಾಕಿ, ಕೂಸು ನಂದು. ಕಳಿಸಿಕೊಡ್ರಿ" ಅಂದ.

ಮುದುಕಿ ಹೊಸ್ತಲದ ಮ್ಯಾಲೆ ಕುಂತಾಕಿ ಏಳಲಿಲ್ಲ.

"ಒಮ್ಮಿ ಕಳಿಸಿದ್ದೆ" ಅಂದ್ಲು.