ಬಲ್ಬು ಹತ್ತಬಾರದಿತ್ತು

ಹೋದ ಭಾನುವಾರ ಸಗರ ಎಂಬ ಹಳ್ಳಿಯಲ್ಲಿ ತನ್ನ ಹೊಲದ ಬದುವಿನ ಮೇಲೆ ನಿಂತು ನನ್ನಕ್ಕ ಚಪ್ಪಾಳೆ ತಟ್ಟಿದಳು. ನನಗೆ ಅಳು ಬಂತು.

ಹಚ್ಚಿದ ಭತ್ತದ ಸಸಿ ಸುಟ್ಟುಹೋಗುತ್ತಿದೆ, ಬಂದು ನೋಡು ಎಂದು ಕರೆದಿದ್ದಳು. ನಾನು ಶಹಾಪುರದಲ್ಲಿ ಕೆಮಿಸ್ಟ್ರಿ ಮಾಸ್ತರ (ಎಷ್ಟು ಮಕ್ಕಳ ತಲೆ ತಿಂದಿಲ್ಲ!). ಬ್ಯಾಟರಿ, ವೈರು, ಪುಟ್ಟ ಎಲ್‌ಇಡಿ ಬಲ್ಬು ಒಯ್ದೆ. ಕಾಲುವೆ ನೀರಿನಲ್ಲಿ ವೈರು ಅದ್ದಿದರೆ ಬಲ್ಬು ಮಿಣುಕ್ ಎಂದಿತು, ಅಷ್ಟೆ. ಅವಳ ಹೊಲದ ಮಣ್ಣು ಕದಡಿ ಸೋಸಿದ ನೀರಿನಲ್ಲಿ ಅದ್ದಿದೆ. ಝಗ್ಗನೆ ಹತ್ತಿತು! ಅಕ್ಕ ಚಪ್ಪಾಳೆ ತಟ್ಟಿದ್ದು ಆಗಲೇ.

“ಅಯ್ಯ ಯವ್ವಾ! ನಮ್ಮ ಹೊಲದಾಗ ಕರೆಂಟ್ ಅದ ಏನೋ ತಮ್ಮಾ?”

ಕರೆಂಟ್ ಅಲ್ಲ, ಉಪ್ಪು. ಕರಗಿದ ಉಪ್ಪು ಅಯಾನುಗಳಾಗಿ ಒಡೆದು ವಿದ್ಯುತ್ತನ್ನು ಸಾಗಿಸುತ್ತದೆ. ಎಲೆಕ್ಟ್ರೋಲೈಟ್ ಅಂದರೆ ಇಷ್ಟೇ. ಬಲ್ಬು ಹೆಚ್ಚು ಉರಿದಷ್ಟೂ ಹೊಲ ಹೆಚ್ಚು ಸವಳು, ಅಂದರೆ ಉಪ್ಪಿನ ನೆಲ.

ಅಕ್ಕನಿಗಿರುವುದು ಅದೇ ಎರಡೆಕರೆ. ಕಾಲುವೆ ಬಂದ ಮೇಲೆ ಜೋಳ ಬಿಟ್ಟು ಭತ್ತ ಹಿಡಿದಳು. ಎಲ್ಲರೂ ಹಿಡಿದರು. ಹೆಚ್ಚಿನ ನೀರು ಹಳ್ಳಕ್ಕೆ ಬಸಿದುಹೋಗಲು ಹಿರಿಯರು ತೋಡಿದ್ದ ಬಸಿಗಾಲುವೆಯನ್ನೂ ಮುಚ್ಚಿ, ಅಲ್ಲೂ ನಾಲ್ಕು ಸಾಲು ನಾಟಿ ಮಾಡಿದರು. ಪುಕ್ಕಟೆ ಸಿಕ್ಕ ಜಾಗ ಯಾರು ಬಿಡುತ್ತಾರೆ?

ಮೂರು ವರ್ಷದ ಹಿಂದೆ ಮಣ್ಣು ಸುಣ್ಣ ಬಳಿದಂತೆ ಬೆಳ್ಳಗಾದಾಗ ಅಕ್ಕ ನನ್ನನ್ನೇ ಕೇಳಿದ್ದಳು. ನಾನೇನು ಕಡಿಮೆಯೇ? “ಜಿಪ್ಸಮ್ ಹಾಕಿ ನೀರು ನಿಂದರಸು ಅಕ್ಕಾ, ಎಲ್ಲಾ ತೊಳಕೊಂಡು ಹೋಗ್ತದ” ಎಂದೆ. ಜಿಪ್ಸಮ್ ಮತ್ತು ಮಣ್ಣಿನ ಸೋಡಿಯಂ ಕಾರ್ಬೊನೇಟ್ ಜೊತೆಗಾರರನ್ನು ಅದಲುಬದಲು ಮಾಡಿಕೊಳ್ಳುತ್ತವೆ. ದ್ವಿಸ್ಥಾನಪಲ್ಲಟ ಕ್ರಿಯೆ, ಹತ್ತನೇ ಕ್ಲಾಸಿನ ಪಾಠ. ಹುಟ್ಟುವ ಸೋಡಿಯಂ ಸಲ್ಫೇಟ್ ಎಂಬ ನೀರಲ್ಲಿ ಕರಗುವ ಉಪ್ಪನ್ನು ಬೋರ್ಡಿನ ಮೇಲೆ ಬರೆದು ನಾನು ಕೈ ಝಾಡಿಸಿಕೊಳ್ಳುತ್ತೇನೆ. ಹೊಲದಲ್ಲಿ ಅದು ಎಲ್ಲಿಗೆ ಹೋಗಬೇಕು? ದಾರಿಯನ್ನೇ ಮುಚ್ಚಿದ್ದರು. ನಾನು ಒಮ್ಮೆಯೂ ಬಂದು ನೋಡಲಿಲ್ಲ. ಪುಸ್ತಕದ ಬದನೆಕಾಯಿ ಅಂದರೆ ನಾನೇ. ನಿಂತ ನೀರು ಆರುತ್ತಾ ಅಡಿಯ ಉಪ್ಪನ್ನೂ ಮೇಲಕ್ಕೆ ಎಳೆದು ತಂದಿತ್ತು.

“ತಪ್ಪು ನಂದೇ ಅಕ್ಕಾ. ಮೊದಲು ಬಸಿಗಾಲುವಿ ತೆಗಸು ಅನ್ನಬೇಕಾಗಿತ್ತು.”

ಅವಳು ಬೈಯಲಿಲ್ಲ. ಬೈದಿದ್ದರೆ ಎದೆ ಹಗುರಾಗುತ್ತಿತ್ತು. ಸುತ್ತಲಿನ ಹೊಲಗಳನ್ನು ನೋಡಿ ಸೆರಗು ಬಾಯಿಗೊತ್ತಿಕೊಂಡಳು.

“ನಂದು ಬಿಡೋ. ನಮ್ಮ ತಮ್ಮ ಮಾಸ್ತರ ಹೇಳ್ಯಾನಂತ ಬಾಜೂ ಹೊಲದ ನಾಕೂ ಮಂದಿ ಕಡಿಂದ ಹಂಗೇ ಮಾಡಿಸೀನಲ್ಲೋ!”

ಆ ನಾಲ್ಕು ಮನೆಗಳ ಬಾಗಿಲಿಗೆ ಯಾವ ಮುಖ ಹೊತ್ತು ಹೋಗಲಿ, ನೀವೇ ಹೇಳಿ?