ಬಿಸಿಲಿಗಿಟ್ಟ ಸೆಲ್ಲುಗಳು

ಹೊಟ್ಟೆಕಿಚ್ಚಿಗೆ ಒಂದು ಶುರು ಇರುತ್ತದೆ ಎಂದು ನಾನು ನಂಬುವುದಿಲ್ಲ. ಆದರೂ ಬರೆಯಲು ಕೂತ ಮೇಲೆ ಎಲ್ಲಿಂದಲಾದರೂ ಶುರು ಮಾಡಬೇಕಲ್ಲ, ಸಿಟಿ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಿಂದ ಮಾಡುತ್ತೇನೆ.

ಎಂಬತ್ತನೇ ಇಸವಿಯ ಆಸುಪಾಸು. ಮಲ್ಲೇಶ್ವರದ ಗಾಯಕಿಯೊಬ್ಬರು ಹುಬ್ಬಳ್ಳಿಯ ಕಛೇರಿ ಮುಗಿಸಿಕೊಂಡು ಬೆಳಗಿನ ಗಾಡಿಯಲ್ಲಿ ವಾಪಸಾಗುತ್ತಿದ್ದರು. ಅವರ ಜೊತೆ ಮೃದಂಗಕ್ಕೆ ಹೋಗಿದ್ದವನು ನನ್ನ ಗೆಳೆಯ. ನಾನೂ ಅವರಿಗೆ ಮೃದಂಗ ನುಡಿಸುತ್ತಿದ್ದೆ. ಒಂದು ಸಲ ಅವನು, ಒಂದು ಸಲ ನಾನು, ಹಾಗೆ ನಡೆದುಕೊಂಡು ಬಂದಿತ್ತು. ಗಾಡಿ ನಿಂತಾಗ ಕಿಟಕಿಯಲ್ಲಿ ಎರಡು ತಲೆಗಳು ಕಂಡವು, ಒಂದರತ್ತ ಒಂದು ಬಾಗಿದ್ದವು. ನಡುವೆ ಸೀಟಿನ ಮೇಲೆ ಇಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಕ್ಯಾಸೆಟ್ ರೆಕಾರ್ಡರ್. ಅಮ್ಮ, ಅವರನ್ನು ನಾವಿಬ್ಬರೂ ಹಾಗೇ ಕರೆಯುತ್ತಿದ್ದೆವು, ಕಣ್ಣು ಮುಚ್ಚಿ ಕೇಳುತ್ತಿದ್ದರು. ಬೆಂಗಳೂರು ಬಂದದ್ದು ಅವರಿಗೆ ಗೊತ್ತಾಗಿರಲಿಲ್ಲ.

ಅವರ ಕಣ್ಣು ನಿಜವಾಗಿ ಮುಚ್ಚಿತ್ತೇ? ಆಣೆ ಹಾಕಲಾರೆ. ಆ ಕಿಟಕಿಯನ್ನು ಎಷ್ಟೋ ಸಲ ತಿರುಗಿಸಿ ತಿರುಗಿಸಿ ನೋಡಿದ್ದೇನೆ, ಈಗ ಅದರಲ್ಲಿ ಎಷ್ಟು ಕಂಡದ್ದು, ಎಷ್ಟು ನಾನು ಬಳಿದದ್ದು ಎಂದು ಬಿಡಿಸಲು ಆಗುವುದಿಲ್ಲ.

"ಏನೋ ಅದು?" ಎಂದೆ, ಅವನ ಕೈಯಿಂದ ಮೃದಂಗ ತೆಗೆದುಕೊಳ್ಳುತ್ತಾ.

"ಕಛೇರಿ ಹಿಡಿದಿಟ್ಕೊಂಡೆ ಗುರು. ದಾರಿಯುದ್ದಕ್ಕೂ ಅಮ್ಮಂಗೆ ಕೇಳಿಸ್ತಾ ಬಂದೆ."

"ಎಲ್ಲೆಲ್ಲಿ ತಪ್ಪಿದೀನಿ ಅಂತ ಅರಸೀಕೆರೆ ಹೊತ್ತಿಗೆಲ್ಲಾ ಗೊತ್ತಾಗೋಯ್ತಪ್ಪ," ಅಮ್ಮ ನಕ್ಕರು. "ಇಷ್ಟು ದಿನ ಇದಿಲ್ಲದೆ ನಾನು ಹೇಗೆ ಊರೂರು ತಿರುಗಿದ್ನೋ."

ಆ ಚಳಿಗಾಲಕ್ಕೆ ಅವರಿಗೆ ಬೊಂಬಾಯಿ, ದೆಹಲಿ, ಕಲ್ಕತ್ತದ ಕಛೇರಿಗಳು ಗೊತ್ತಾಗಿದ್ದವು. ದೊಡ್ಡ ಪ್ರವಾಸ, ಒಬ್ಬನೇ ಮೃದಂಗದವನು. ಯಾರೆಂದು ಅವರು ಇನ್ನೂ ಹೇಳಿರಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ನಡೆಯುವಾಗ ನನಗೆ ಅನ್ನಿಸಿತು: ಆ ಪೆಟ್ಟಿಗೆ ಆಗಲೇ ಹೇಳಿಬಿಟ್ಟಿದೆ.

ನಾವಿಬ್ಬರೂ ಚಾಮರಾಜಪೇಟೆಯ ಒಬ್ಬರೇ ಮೇಷ್ಟರ ಹತ್ತಿರ ಕಲಿತವರು. ನಾನು ಬಸವನಗುಡಿಯವನು, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಅವನ ಮನೆ ಓಕಳಿಪುರಂನಲ್ಲಿ, ಕೆಲಸ ರೈಲ್ವೆಯಲ್ಲಿ. ಅವನಿಗೆ ಪಾಸೂ ಇತ್ತು, ರಜೆಯೂ ಸಿಗುತ್ತಿತ್ತು. ನಾನು ರಜೆ ಕೇಳಿದರೆ ಸೂಪರಿಂಟೆಂಡೆಂಟರು ಸಂಗೀತದ ಮೇಲೇ ಒಂದು ಭಾಷಣ ಬಿಗಿಯುತ್ತಿದ್ದರು. ಇದೆಲ್ಲ ಮೊದಲೂ ಇತ್ತು. ಮೊದಲು ಉರಿದಿರಲಿಲ್ಲ.

ನಮ್ಮ ಮನೆಯಲ್ಲೂ ರೆಕಾರ್ಡರ್ ಇತ್ತು. ಅಪ್ಪ ತಂದಿದ್ದ ಸ್ಪೂಲ್ ಯಂತ್ರ, ಟ್ರಂಕಿನಷ್ಟು ತೂಕ, ಕರೆಂಟ್ ಇಲ್ಲದಿದ್ದರೆ ಮಾತಿಲ್ಲ. ನಮ್ಮ ತಾಯಿ ಅದರ ಮೇಲೆ ಕ್ರೋಶಾ ಬಟ್ಟೆ ಹಾಸಿ ಹೂದಾನಿ ಇಟ್ಟಿದ್ದಳು. ಅದನ್ನು ಹೊತ್ತು ಅಮ್ಮನ ಹಿಂದೆ ಪ್ಲಾಟ್‌ಫಾರ್ಮಿನಲ್ಲಿ ಓಡುವುದನ್ನು ಊಹಿಸಿಕೊಂಡು ನನಗೇ ನಗು ಬಂತು. ನನಗೆ ಬೇಕಾದದ್ದು ಮೃದಂಗದ ಚೀಲದಲ್ಲಿ, ಶ್ರುತಿ ಮಾಡುವ ಕಲ್ಲು, ಮರದ ತುಂಡು, ಎಡದ ಬಾಯಿಗೆ ಹಚ್ಚುವ ರವೆಯ ಡಬ್ಬಿ ಇವುಗಳ ಜೊತೆ ಕೂರುವಂಥ ಯಂತ್ರ. ಸೆಲ್ ಮೇಲೆ ಓಡಬೇಕು. ಅವನದಕ್ಕಿಂತ ಚೆನ್ನಾಗಿರಬೇಕು. ಈ ಕೊನೆಯದನ್ನು ಯಾರಿಗೂ ಹೇಳಲಿಲ್ಲ.

ಅವನನ್ನೇ ಕೇಳಿದೆ. ನಾಚಿಕೆ ಆಗಲಿಲ್ಲ. ಅವನು ಖುಷಿಯಿಂದ ಒಂದು ಕ್ಯಾಸೆಟ್ ಕೊಟ್ಟ.

"ಅಂಗಡೀಲಿ ಸಿನಿಮಾ ಹಾಡು ಹಾಕಿ ತೋರಿಸ್ತಾರೆ, ಅದ್ರಲ್ಲಿ ಏನೂ ಗೊತ್ತಾಗಲ್ಲ. ಇದನ್ನ ಹಾಕಿ ಕೇಳು. ಹುಬ್ಬಳ್ಳಿ ಲಾಡ್ಜಲ್ಲಿ ಒಬ್ಬನೇ ಕೂತು ನುಡಿಸಿದ್ದು. ಗೊತ್ತಿರೋ ಕೈ ಇದ್ರೆ ಮಷಿನ್ನಿನ ಯೋಗ್ಯತೆ ತಿಳಿಯುತ್ತೆ."

ನಗರ್ತಪೇಟೆಯ ಗಲ್ಲಿಯೊಂದರಲ್ಲಿ ಫಾರಿನ್ ಸಾಮಾನಿನ ಸಣ್ಣ ಅಂಗಡಿಯಿತ್ತು. ಅಂಗಡಿಯವನಿಗೆ ನನ್ನ ಕಷ್ಟ ಅರ್ಥವಾಗಲಿಲ್ಲ.

"ಟೂ-ಇನ್-ಒನ್ ತಗೊಳ್ಳಿ ಸಾರ್. ಮೃದಂಗ ಬೇಜಾರಾದ್ರೆ ಕಾಮೆಂಟ್ರಿ ಕೇಳಬಹುದು."

"ರೇಡಿಯೋ ಬೇಡ. ಸದ್ದು ಏರಿಸಿ ಇಳಿಸೋ ತಿರುಗಣೆ ಬೇರೆ ಇರಬೇಕು, ರೆಕಾರ್ಡ್ ಮಾಡುವಾಗ."

"ಅದು ತಾನಾಗೇ ಮಾಡ್ಕೊಳ್ಳುತ್ತೆ ಸಾರ್, ಈಗಿನದೆಲ್ಲ ಆಟೋಮ್ಯಾಟಿಕ್."

"ಅದೇ ಬೇಡ ಅಂದಿದ್ದು."

ತಾನಾಗೇ ಮಾಡಿಕೊಳ್ಳುವ ಯಂತ್ರ ಜೋರು ಪೆಟ್ಟು ಬಿದ್ದ ಕೂಡಲೇ ಹೆದರಿ ಸದ್ದು ತಗ್ಗಿಸುತ್ತದೆ, ಆಮೇಲೆ ನಿಧಾನವಾಗಿ ತಲೆಯೆತ್ತುತ್ತದೆ. ಮೃದಂಗದ ಹದವೆಲ್ಲ ಚಪ್ಪಟೆ. ಅವನದು ಅಂಥದ್ದೇ. ಇದರಲ್ಲಾದರೂ ನನ್ನದು ಮೇಲಾಗುತ್ತದಲ್ಲ ಎಂದುಕೊಂಡು ಅವನ ಕ್ಯಾಸೆಟ್ಟನ್ನು ಒಂದೊಂದು ಯಂತ್ರಕ್ಕೂ ಹಾಕಿ ಕೇಳಿದೆ.

ಹಿಂದಕ್ಕೆ ಸುತ್ತಿ ಮತ್ತೊಮ್ಮೆ ಕೇಳಿದೆ. ಇಷ್ಟು ವೇಗ ಇವನಿಗೆ ಯಾವಾಗ ಬಂತು? ಒಂದೊಂದು ಅಕ್ಷರವೂ ಬಿಡಿಬಿಡಿ, ಎಲ್ಲೂ ತೊದಲಿಲ್ಲ. ಶ್ರುತಿಯೂ ಸ್ವಲ್ಪ ಮೇಲಿತ್ತು. ಮೃದಂಗವನ್ನು ಹಾಡುವವರ ಶ್ರುತಿಗೆ ಹೊಂದಿಸಿಕೊಳ್ಳುವುದು ರೂಢಿ, ಇದು ಅಮ್ಮನ ಶ್ರುತಿಗಿಂತ ಮೇಲೆ. ಹಾಗಾದರೆ ಇನ್ನೊಬ್ಬ ಗಾಯಕಿಗೂ ನುಡಿಸುತ್ತಿದ್ದಾನೆ, ನನಗೆ ಹೇಳದೆ. ನಡುವೆ ಬಾಯಲ್ಲಿ ತಕಧಿಮಿ ಎಂದು ಜತಿ ಹೇಳಿಕೊಂಡಿದ್ದ, ಆ ದನಿ ಅವನದಕ್ಕಿಂತ ತೆಳ್ಳಗಿತ್ತು. ಸಣ್ಣ ಮೈಕು, ದನಿಯೂ ಸಣ್ಣಗೆ ಬರುತ್ತದೆ ಎಂದುಕೊಂಡೆ. ಹೊಟ್ಟೆ ಉರಿಯುವವನ ಕಿವಿ ಬಲು ಚುರುಕು, ಆದರೆ ಒಂದೇ ದಿಕ್ಕಿಗೆ. ಕೊನೆಗೆ ಆ ವೇಗವನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ಕೇಳಿಸಿದ, ಅಂದರೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಉರಿಸಿದ ಯಂತ್ರವನ್ನೇ ಆರಿಸಿ ತಂದೆ.

ಆಮೇಲೆ ಅಭ್ಯಾಸ. ಬೆಳಗ್ಗೆ ಕಚೇರಿಗೆ ಮುಂಚೆ, ಸಂಜೆ ಬಂದ ಮೇಲೆ, ಅವನ ಕ್ಯಾಸೆಟ್ ಹಾಕಿ ಅದರ ಜೊತೆ ಓಡುವುದು. ಬೆರಳು ಊದಿಕೊಂಡವು. ನಮ್ಮ ತಾಯಿ ಅಡುಗೆಮನೆಯಿಂದ, "ಯಾರನ್ನೋ ಹೊಡೀತಿರೋ ಹಾಗಿದೆಯಲ್ಲೋ," ಅನ್ನುತ್ತಿದ್ದಳು. ಎಷ್ಟು ಕಾಲ ಹಿಡಿಯಿತೋ ನೆನಪಿಲ್ಲ. ಒಂದು ದಿನ ಅವನನ್ನು ಹಿಡಿದೆ ಅನ್ನಿಸಿದ್ದು ಮಾತ್ರ ನೆನಪಿದೆ. ಕ್ಯಾಸೆಟ್ಟೂ ನಾನೂ ಒಟ್ಟಿಗೆ ಮುಕ್ತಾಯಕ್ಕೆ ಬಂದೆವು.

ಅಷ್ಟರಲ್ಲಿ ಮಲ್ಲೇಶ್ವರದಲ್ಲಿ ಅಮ್ಮನ ಕಛೇರಿ ಬಂತು, ಸರದಿ ನನ್ನದು. ಯಂತ್ರವನ್ನು ವೇದಿಕೆಯ ಅಂಚಿನಲ್ಲಿಟ್ಟು ಗುಂಡಿ ಒತ್ತಿ ಕೂತೆ. ತನಿ ಬಿಟ್ಟುಕೊಟ್ಟಾಗ, ಅಂದರೆ ಅವರು ಹಾಡು ನಿಲ್ಲಿಸಿ ಮೃದಂಗದವನಿಗೇ ಜಾಗ ಕೊಟ್ಟಾಗ, ಕಲಿತ ವೇಗವನ್ನೆಲ್ಲ ಸುರಿದೆ. ಚಪ್ಪಾಳೆ ಬಿತ್ತು. ಮರುದಿನ ಅವರ ಮನೆಗೆ ಹೋಗಿ ಟೇಪ್ ಹಾಕಿದೆ. ಅಮ್ಮ ಕಾಫಿ ಹಿಡಿದು ಕೇಳಿದರು. ಕಣ್ಣು ತೆರೆದೇ ಇತ್ತು.

"ಮಷಿನ್ ಬಹಳ ಚೆನ್ನಾಗಿದೆಯಪ್ಪ," ಎಂದರು. "ನೀನು ಓಡ್ತಿರೋದು ಎಷ್ಟು ಸ್ಪಷ್ಟವಾಗಿ ಕೇಳುತ್ತೆ. ಗಾಡಿ ಹಿಡಿಯೋದಿತ್ತಾ ನಿನಗೆ?"

ನಾನು ನಕ್ಕೆ. ಅವರು ನಗಲಿಲ್ಲ.

"ಉತ್ತರಕ್ಕೆ ಅವನನ್ನೇ ಕರ್ಕೊಂಡು ಹೋಗ್ತೀನಿ. ಬೇಜಾರು ಮಾಡ್ಕೋಬೇಡ. ದಿನಾ ಊರು ಬದಲಾಗುತ್ತೆ, ನಿದ್ದೆ ಇರಲ್ಲ. ಪಕ್ಕದಲ್ಲಿ ನಿಧಾನಸ್ಥ ಇದ್ರೆ ನನಗೆ ಉಸಿರು ಸಿಗುತ್ತೆ."

"ಅವನು ನಿಧಾನಾನಾ? ಲಾಡ್ಜಲ್ಲಿ ನುಡಿಸಿದ್ದನ್ನ ಕೇಳಿದೀರಾ ಅಮ್ಮ?"

"ರೈಲಲ್ಲೇ ಹಾಕಿದ್ನಲ್ಲ. ತೇರು ಎಳೆದ ಹಾಗಿತ್ತು. ಅದನ್ನ ಕೇಳೇ ಮನಸ್ಸು ಮಾಡಿದ್ದು."

ಅಲ್ಲಿಂದ ನೇರವಾಗಿ ಓಕಳಿಪುರಂಗೆ ನಡೆದೆ. ಅಥವಾ ಮಾರನೆಯ ದಿನ ಹೋದೆನೋ. ನೇರವಾಗಿ ಎಂದರೆ ಕಥೆಗೆ ಚೆನ್ನ. ಬಿಸಿಲಂತೂ ಇತ್ತು, ಅದು ಖಂಡಿತ. ಏಕೆಂದರೆ ಅವನ ಮನೆಯ ಕಾಂಪೌಂಡ್ ಗೋಡೆಯ ಮೇಲೆ, ಹಪ್ಪಳ ಒಣಗಿಸಿದ ಹಾಗೆ, ಟಾರ್ಚಿನ ಸೆಲ್ಲುಗಳು ಸಾಲಾಗಿ ಮಲಗಿದ್ದವು.

"ಬಿಸಿಲಿಗಿಟ್ರೆ ಇನ್ನೊಂದಷ್ಟು ದಿನ ಬರುತ್ತೆ ಕಣೋ," ಎಂದ. "ಹುಬ್ಬಳ್ಳಿಗೂ ಇವೇ ಬಂದಿದ್ವು. ಪಾಪ, ಇನ್ನೂ ಜೀವ ಇದೆ."

"ಕ್ಯಾಸೆಟ್ ವಾಪಸ್ ತಂದಿದೀನಿ. ಹಾಕು, ಒಂದ್ಸಲ ಕೇಳೋಣ."

ಬಿಸಿ ಸೆಲ್ಲುಗಳನ್ನು ಹಾಕಿ ಗುಂಡಿ ಒತ್ತಿದ. ಅದೇ ಕ್ಯಾಸೆಟ್. ಅಮ್ಮನ ಶ್ರುತಿ, ಸರಿಯಾಗಿ ಅದೇ. ಜತಿ ಹೇಳುವ ದನಿ ಅವನದೇ, ದಪ್ಪಗೆ, ಸ್ವಲ್ಪ ಶೀತ ಆದಂತೆ. ಕೈ ಎಲ್ಲೂ ಅವಸರಪಡುತ್ತಿರಲಿಲ್ಲ. ಬಸವಳಿದ ಸೆಲ್ಲಿನಲ್ಲಿ ಯಂತ್ರ ನಿಧಾನವಾಗಿ ಓಡುತ್ತಾ ಹಿಡಿದದ್ದನ್ನು ಅಷ್ಟೇ ನಿಧಾನವಾಗಿ ಕೊಡುತ್ತಿತ್ತು. ಹಾಗಾಗಿ ಅವನ ಪೆಟ್ಟಿಗೆಯಲ್ಲಿ ಎಲ್ಲ ಸರಿ. ಬೇರೆ ಯಾವ ಯಂತ್ರಕ್ಕೆ ಹಾಕಿದರೂ ಓಟ. ನಾನು ಬೆರಳು ಊದಿಸಿಕೊಂಡು ಹಿಡಿದದ್ದು ಯಾರೂ ನುಡಿಸದ ಒಂದು ವೇಗವನ್ನು.

ಅದನ್ನು ಅವನಿಗೆ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಸ್ವಲ್ಪ ಹಿಂಜರಿದು ಕೇಳಿದ:

"ಮಗಾ, ಒಂದು ಮಾತು. ಬೇಡ ಅಂದ್ರೂ ಪರವಾಗಿಲ್ಲ. ಪ್ರವಾಸಕ್ಕೆ ನಿನ್ನ ಮಷಿನ್ ಕೊಡ್ತೀಯಾ? ಅಮ್ಮನೇ ಅಂದ್ರು, ನಿಂದ್ರಲ್ಲಿ ಚೆನ್ನಾಗಿ ಬರುತ್ತಂತೆ."

ಮನೆಯ ಹಿಂದಿನ ಹಳಿಯಲ್ಲಿ ಗಾಡಿಯೊಂದು ಹೋಯಿತು. ಆಮೇಲೆ "ತಗೊಂಡ್ ಹೋಗು" ಎಂದೆ. ಅದರಲ್ಲಿ ಈ ಕ್ಯಾಸೆಟ್ ಓಡುತ್ತದೆ ಎಂದು ಹೇಳಲಿಲ್ಲ.

ಹೊರಡುವ ದಿನ ಸ್ಟೇಷನ್ನಿಗೆ ಹೋಗಿ, ಹೊಸ ಸೆಲ್ ತುಂಬಿಸಿದ ಯಂತ್ರವನ್ನು ಕಿಟಕಿಯಲ್ಲಿ ಕೊಟ್ಟೆ. ಅವನು ತನ್ನದನ್ನು ನನಗೆ ಕೊಟ್ಟ, ಒಣಗಿಸಿದ ಹಳೆ ಸೆಲ್ಲುಗಳ ಸಮೇತ. ಅಮ್ಮ "ಏನಪ್ಪಾ, ಇನ್ನೂ ಹೊಸದೇ ಇದೆ," ಎಂದು ನನ್ನ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡರು. ಗಾಡಿ ಅಲುಗುವಾಗ ಅವನು ಜೇಬಿನಿಂದ ಹುಬ್ಬಳ್ಳಿಯ ಆ ಕ್ಯಾಸೆಟ್ ತೆಗೆಯುತ್ತಿದ್ದ. ಎರಡು ತಲೆಗಳೂ ನಾನು ಆರಿಸಿದ ಪೆಟ್ಟಿಗೆಯತ್ತ ಬಾಗಿದವು.

ಗುಂಡಿ ಒತ್ತಿದ ಮೇಲೆ ಅವರು ಏನು ಕೇಳಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರೇ, ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಪ್ರವಾಸ ಮುಗಿಸಿ ಬಂದ ಮೇಲೆ ಬಸವನಗುಡಿಯಲ್ಲಿ ಅವನ ಕಛೇರಿ ಆಯಿತು. ಹಿಂದಿನ ಸಾಲಿನಲ್ಲಿ ಕೂತು ಕೇಳಿದೆ. ಅವನ ಕೈ ಮೊದಲಿಗಿಂತ ಒಂಚೂರು ಓಡುತ್ತಿದೆ ಅನ್ನಿಸಿತು. ಹೌದೋ ಅಲ್ಲವೋ. ಓಡಲಿ ಎಂದು ನಾನು ಕಾಯುತ್ತಿದ್ದೆ, ಆದ್ದರಿಂದ ಈ ವಿಷಯದಲ್ಲಿ ನನ್ನ ಕಿವಿಯ ಸಾಕ್ಷಿ ನಡೆಯುವುದಿಲ್ಲ.