ಎರೆಮಣ್ಣಿನ ಅಳತೆ

ನಿವೇದಿಸುವುದೇನೆಂದರೆ, ಸಂಸ್ಥಾನದ ಕಾಲದಲ್ಲಿ ಜಮಖಂಡಿ ಸೀಮೆಯಲ್ಲಿ ನಾನು ಕಾರಕೂನನಾಗಿದ್ದಾಗ, ಬೂಟು ಹೊಲಿಯುವ ಒಬ್ಬ ಸಮಗಾರನನ್ನು ಬಲ್ಲೆನು. ಅವನ ಮೊಣಕಾಲುದ್ದದ ಬೂಟುಗಳು ಕಬ್ಬಿನ ಹೊಲದ ಕೆಸರಿನಲ್ಲಿಯೂ ಹಲವು ಮಳೆಗಾಲ ಬಾಳುತ್ತಿದ್ದವು. ಮೇಲಿನವರ ಪಾದವನ್ನು ಅವನು ಮುಟ್ಟುವಂತಿರಲಿಲ್ಲ. ಆದ್ದರಿಂದ ಹಸಿ ಎರೆಮಣ್ಣಿನಲ್ಲಿ ಅವರು ಊರಿದ ಹೆಜ್ಜೆಯಿಂದಲೇ ಅಳತೆ ತೆಗೆಯುತ್ತಿದ್ದನು.

“ಮಣ್ಣು ಹಸಿ ಇದ್ದಾಗ ಕರೀರಿ ರಾವಸಾಹೇಬ್ರ, ಒಣಗಿದ್ರ ಹೆಜ್ಜಿ ಕುಗ್ಗತೈತಿ” ಎಂದು ಪ್ರತಿಸಲವೂ ನನಗೆ ಕೈಮುಗಿಯುತ್ತಿದ್ದನು.

ಒಮ್ಮೆ ನಮ್ಮ ಕಚೇರಿಯ ದೊಡ್ಡ ಸಾಹೇಬರು ಹೆಜ್ಜೆಯೂರಿದಾಗ ನಾನು ಹೇಳಿಕಳಿಸಲು ಮರೆತು, ಅವನನ್ನು ಮೂರನೆಯ ದಿನ ಕರೆಸಿದೆನು. ಮಣ್ಣು ಬಿರುಕುಬಿಟ್ಟಿತ್ತು.

“ಇನ್ನೊಮ್ಮೆ ಊರಸ್ರಿ” ಎಂದು ಬೇಡಿದನು.

“ಸಾಹೇಬ್ರಿಗೆ ಎರಡು ಸಲ ಕೆಸರು ತುಳೀರಿ ಅನ್ನಲೇನಲೇ? ಸುಮ್ಕ ಹೊಲಿ” ಎಂದೆನು.

ಬೂಟು ಕಚ್ಚಿತು. ಅವನಿಗೆ ಇನ್ನು ಸಂಸ್ಥಾನದ ಕೆಲಸವಿಲ್ಲವೆಂದು ಸಾಹೇಬರು ಗುಡುಗಿದರು. ಅವನು ನನ್ನ ಮುಖವನ್ನೇ ನೋಡುತ್ತ ನಿಂತನು.

ಆ ಹುಕುಮನ್ನು ಶುದ್ಧಾಕ್ಷರದಲ್ಲಿ ಬರೆದವನು ನಾನೇ.